ನಾಲ್ಕು ಬದಿ ಅಳೆದರೆ ಸಾಕೆ?

ಮೂವತ್ತು-ನಲವತ್ತರ ಸೈಟು ಎಂದರೆ ಎಷ್ಟು ಜಾಗ? ಎಂಟನೆಯ ತರಗತಿಯ ವಿದ್ಯಾರ್ಥಿಯನ್ನು ಕೇಳಿ, ಸೈಟು ಮಾರುವವರನ್ನೂ ಕೇಳಿ. ಇಬ್ಬರೂ ಒಂದೇ ಉಸಿರಿಗೆ 1200 ಚದರ ಅಡಿ ಎನ್ನುತ್ತಾರೆ. ಎದುರುಬದುರಿನ ಬದಿಗಳು 30, 30 ಮತ್ತು 40, 40 ಅಡಿ ಇದ್ದ ಮಾತ್ರಕ್ಕೆ ಜಾಗ 1200 ಚದರ ಅಡಿ ಆಗಿಬಿಡುವುದಿಲ್ಲ. ಮೂಲೆಯಲ್ಲಿ 90 ಡಿಗ್ರಿಯ ಬದಲು 60 ಡಿಗ್ರಿ ಇದ್ದರೆ ಅದೇ ನಾಲ್ಕು ಬದಿಗಳೊಳಗೆ ಸಿಗುವುದು ಸುಮಾರು 1039 ಚದರ ಅಡಿ ಮಾತ್ರ. ಉಳಿದ 161 ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ, ಅದು ಇರಲೇ ಇಲ್ಲ.

ಇದು ಬರೀ ಪಠ್ಯಪುಸ್ತಕದ ಕಸರತ್ತು ಎಂದು ನಾನೂ ತಿಳಿದಿದ್ದೆ. ನನ್ನ ತಮ್ಮ ಬೊಮ್ಮನಹಳ್ಳಿಯ ಒಳರಸ್ತೆಯೊಂದರಲ್ಲಿ ಸೈಟು ಕೊಳ್ಳಲು ಹೊರಟು, ಕರಡು ಕ್ರಯಪತ್ರದ ಜೆರಾಕ್ಸ್ ಪ್ರತಿಯನ್ನು ನನ್ನ ಮುಂದೆ ಇಟ್ಟಾಗ ಆ ಭ್ರಮೆ ಹೋಯಿತು. ಬೊಮ್ಮನಹಳ್ಳಿಯನ್ನು ಬಲ್ಲವರಿಗೆ ಇದು ಹೊಸದಲ್ಲ. ಹೊಸೂರು ರಸ್ತೆಯ ಈ ಊರು 2007ರವರೆಗೆ ಪ್ರತ್ಯೇಕ ನಗರಸಭೆಯಾಗಿತ್ತು. ಪಕ್ಕದ ಎಚ್.ಎಸ್.ಆರ್. ಬಡಾವಣೆಯಂತೆ ನಕ್ಷೆ ಬರೆದು ಗೆರೆ ಎಳೆದು ಮಾಡಿದ್ದಲ್ಲ ಇಲ್ಲಿನ ಒಳಬಡಾವಣೆಗಳು. ಹೊಲದ ಬದು ಹೇಗೆ ಓರೆಯಾಗಿತ್ತೋ ಹಾಗೆ ರಸ್ತೆ ಬಂತು, ರಸ್ತೆ ಹೇಗೆ ಬಂತೋ ಹಾಗೆ ಸೈಟು ಬಂತು. ಹೀಗಾಗಿ ಸೈಟುಗಳಲ್ಲಿ ಹಲವು ಆಯತಗಳಲ್ಲ. ಇವನ್ನು ಇಲ್ಲಿ 'ಆಡ್ ಸೈಟ್' ಎನ್ನುತ್ತಾರೆ. ಗಣಿತದಲ್ಲಿ ಇವಕ್ಕೆ ಒಳ್ಳೆಯ ಹೆಸರಿದೆ: ವಿಷಮ ಚತುರ್ಭುಜ.

ಆ ಪತ್ರದಲ್ಲಿ ಚಕ್ಕುಬಂದಿಯ ಕೆಳಗೆ ಅಳತೆ ಹೀಗಿತ್ತು. ಪೂರ್ವ-ಪಶ್ಚಿಮ: (30+39)/2 ಅಡಿ. ಉತ್ತರ-ದಕ್ಷಿಣ: (40+41)/2 ಅಡಿ. ಒಟ್ಟು: 1397.25 ಚದರ ಅಡಿ. ದಕ್ಷಿಣದ ರಸ್ತೆಬದಿ 30, ಉತ್ತರದ ಬದಿ 39, ಪೂರ್ವದ ಬದಿ 40, ಪಶ್ಚಿಮದ ಬದಿ 41 ಅಡಿ ಎಂದು ಅದರ ಅರ್ಥ. ಅಭಿಮುಖ ಬಾಹುಗಳ ಸರಾಸರಿ ತೆಗೆದು ಗುಣಿಸಿದ್ದಾರೆ. ಓರೆ ಸೈಟುಗಳ ಪತ್ರಗಳಲ್ಲಿ ಈ ಕ್ರಮವನ್ನು ನೀವೂ ನೋಡಿರಬಹುದು. ನೋಡಲು ನ್ಯಾಯವಾಗಿಯೇ ಕಾಣುತ್ತದೆ. ಹೆಚ್ಚು ಇರುವ ಕಡೆ ಸ್ವಲ್ಪ ಬಿಟ್ಟು, ಕಡಿಮೆ ಇರುವ ಕಡೆ ಸ್ವಲ್ಪ ಸೇರಿಸಿದಂತೆ.

ಈ ನ್ಯಾಯವನ್ನೇ ಮೊದಲು ಪರೀಕ್ಷಿಸೋಣ. ಚತುರ್ಭುಜದ ಬಾಹುಗಳನ್ನು ಅನುಕ್ರಮವಾಗಿ ಕ, ಖ, ಗ, ಘ ಎನ್ನಿ. ಒಂದು ಕರ್ಣ ಎಳೆದರೆ ಅದು ಎರಡು ತ್ರಿಭುಜಗಳಾಗುತ್ತದೆ. ಒಂದರಲ್ಲಿ ಕ, ಖ ಬಾಹುಗಳು, ಇನ್ನೊಂದರಲ್ಲಿ ಗ, ಘ ಬಾಹುಗಳು. ತ್ರಿಭುಜದ ವಿಸ್ತೀರ್ಣ ಎರಡು ಬಾಹುಗಳ ಗುಣಲಬ್ಧದ ಅರ್ಧವನ್ನು ಅವುಗಳ ನಡುವಿನ ಕೋನದ ಸೈನ್‌ನಿಂದ ಗುಣಿಸಿದಷ್ಟು. ಸೈನ್ ಬೆಲೆ 1ನ್ನು ಮೀರದು. ಆದ್ದರಿಂದ ಇಡೀ ವಿಸ್ತೀರ್ಣ (ಕಖ + ಗಘ)/2 ಅನ್ನು ಮೀರದು. ಇನ್ನೊಂದು ಕರ್ಣ ಎಳೆದು ಇದೇ ವಾದ ಮಾಡಿದರೆ, ಅದು (ಖಗ + ಘಕ)/2 ಅನ್ನೂ ಮೀರದು. ಎರಡನ್ನೂ ಕೂಡಿಸಿ ಅರ್ಧ ಮಾಡಿ: ವಿಸ್ತೀರ್ಣ (ಕ+ಗ)(ಖ+ಘ)/4 ಅನ್ನು ಮೀರುವುದಿಲ್ಲ. ಕ್ರಯಪತ್ರದಲ್ಲಿ ಬರೆಯುವ ಸಂಖ್ಯೆ ಇದೇ! ಸಮ ಬರಬೇಕಾದರೆ ನಾಲ್ಕೂ ಕೋನಗಳ ಸೈನ್ 1 ಆಗಬೇಕು, ಅಂದರೆ ಆಕೃತಿ ಆಯತವಾಗಿರಬೇಕು. ಆಯತಕ್ಕೆ ಸರಾಸರಿಯ ಅಗತ್ಯವೇ ಇಲ್ಲ. ಸರಾಸರಿ ಯಾವ ಆಕೃತಿಗೆ ಬೇಕೋ ಆ ಆಕೃತಿಗೆ ಈ ಸೂತ್ರ ಯಾವಾಗಲೂ ಹೆಚ್ಚೇ ತೋರಿಸುತ್ತದೆ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗುವ ತಪ್ಪನ್ನು ನಾವು ಪ್ರಯೋಗಶಾಲೆಯಲ್ಲಿ ಯಾದೃಚ್ಛಿಕ ದೋಷ ಎನ್ನುತ್ತೇವೆ. ಒಂದೇ ಕಡೆಗೆ ವಾಲುವುದು ವ್ಯವಸ್ಥಿತ ದೋಷ. ಈ ತಪ್ಪು ಎಂದೂ ಕೊಳ್ಳುವವನ ಕಡೆಗೆ ವಾಲುವುದಿಲ್ಲ.

ಈ ಸೂತ್ರ ಬೊಮ್ಮನಹಳ್ಳಿಯ ಪತ್ರಬರಹಗಾರರ ಸೃಷ್ಟಿಯಲ್ಲ. ಈಜಿಪ್ಟಿನ ಎಡ್ಫು ದೇವಾಲಯದ ಗೋಡೆಗಳ ಮೇಲೆ, ಕ್ರಿಸ್ತಪೂರ್ವ ಕಾಲದ ದತ್ತಿಭೂಮಿಗಳ ಲೆಕ್ಕ ಇದೇ ಕ್ರಮದಲ್ಲಿದೆ. ನಮ್ಮಲ್ಲಿ ಬ್ರಹ್ಮಗುಪ್ತ 628ರಲ್ಲಿ ಬರೆದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಇದನ್ನು 'ಸ್ಥೂಲ' ಎಂದು ಕರೆದು, ಪಕ್ಕದಲ್ಲೇ ಸೂಕ್ಷ್ಮವಾದ ಇನ್ನೊಂದು ಸೂತ್ರವನ್ನು ಕೊಟ್ಟಿದ್ದಾನೆ. ಕನ್ನಡ ನಾಡಿನ ಮಟ್ಟಿಗೆ ಮುಖ್ಯನಾದವನು ಮಹಾವೀರಾಚಾರ್ಯ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಅವನು ಬರೆದ ಗಣಿತಸಾರಸಂಗ್ರಹದಲ್ಲಿ ಕ್ಷೇತ್ರಗಣಿತಕ್ಕೇ ಮೀಸಲಾದ ದೊಡ್ಡ ಅಧ್ಯಾಯವಿದೆ. ರಂಗಾಚಾರ್ಯರ ಇಂಗ್ಲಿಷ್ ಅನುವಾದ 1912ರಲ್ಲಿ ಮದರಾಸಿನಿಂದ ಬಂತು. ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಶಾಲಾ ಗ್ರಂಥಾಲಯಕ್ಕೆ ಪುಸ್ತಕ ಆರಿಸುವ ಅಧ್ಯಾಪಕರು ಇದನ್ನು ಪಟ್ಟಿಯ ಮೇಲುಭಾಗದಲ್ಲೇ ಬರೆದುಕೊಳ್ಳಿ.

ಮಹಾವೀರ ಚತುರ್ಭುಜಗಳನ್ನು ಐದು ಬಗೆ ಮಾಡುತ್ತಾನೆ. ಸಮ, ಅಂದರೆ ನಾಲ್ಕೂ ಬಾಹು ಸಮ. ದ್ವಿದ್ವಿಸಮ, ಎರಡೆರಡು ಸಮ. ದ್ವಿಸಮ, ಎರಡು ಮಾತ್ರ ಸಮ. ತ್ರಿಸಮ, ಮೂರು ಸಮ. ಉಳಿದದ್ದು ವಿಷಮ. ಹೆಸರುಗಳು ಎಷ್ಟು ಚೊಕ್ಕ ನೋಡಿ! ಕಲಿಯುವವನು ಹೆಸರು ಕೇಳಿದೊಡನೆ ಏನನ್ನು ಎಣಿಸಬೇಕೆಂದು ಅವನಿಗೆ ತಿಳಿಯುತ್ತದೆ. ನಮ್ಮ ಇಂದಿನ ಹೆಸರುಗಳಿಗೆ ಈ ಗುಣವಿಲ್ಲ. 'ವಜ್ರಾಕೃತಿ' ಎಂಬುದು ಕಣ್ಣಿಗೆ ಕಂಡ ಹೋಲಿಕೆಯ ಹೆಸರು. 'ತ್ರಾಪಿಜ್ಯ' ಯಾವ ಹುಡುಗನಿಗೂ ಏನನ್ನೂ ಹೇಳದ ಹೆಸರು. 'ಆಯತ' ಎಂದರೆ ಉದ್ದವಾದದ್ದು. ಚೌಕವೂ ಒಂದು ಆಯತ ಎಂದು ನಾವು ಬೋಧಿಸುವಾಗ ಮಕ್ಕಳು ತಲೆ ಕೆರೆದುಕೊಂಡರೆ ತಪ್ಪು ಅವರದಲ್ಲ, ಹೆಸರೇ ಅವರನ್ನು ಆಚೆ ತಳ್ಳುತ್ತಿದೆ.

ಆದರೂ ಈ ಐದು ಬಗೆಗಳ ಬಗ್ಗೆ ನನಗೆ ಆಕ್ಷೇಪವಿದೆ. ಈ ಪಟ್ಟಿಯಲ್ಲಿ ಚೌಕ ಮತ್ತು ವಜ್ರಾಕೃತಿಗಳನ್ನು ಬೇರ್ಪಡಿಸುವ ಸಾಧನವೇ ಇಲ್ಲ, ಎರಡೂ 'ಸಮ'. ಆಯತ, ಓರೆಯಾದ ಸಮಾಂತರ ಚತುರ್ಭುಜ, ಗಾಳಿಪಟ ಇವು ಮೂರೂ 'ದ್ವಿದ್ವಿಸಮ'ದೊಳಗೆ ಬೀಳಬಹುದು. ಬಾಹುಗಳ ಬಗ್ಗೆ ಎಲ್ಲವನ್ನೂ ಹೇಳಿ, ಮೂಲೆಗಳ ಬಗ್ಗೆ ಮೌನ.

ಮಹಾವೀರನಂಥ ಗಣಿತಜ್ಞನಿಗೆ ಇದು ತೋಚಲಿಲ್ಲವೆ? ಅವನ ಮುಂದಿನ ಸೂತ್ರಗಳನ್ನು ಓದಿದರೆ ಕಾರಣ ತಿಳಿಯುತ್ತದೆ. ಸೂಕ್ಷ್ಮ ವಿಸ್ತೀರ್ಣಕ್ಕೆ ಅವನು ಬ್ರಹ್ಮಗುಪ್ತನ ಮಾರ್ಗವನ್ನೇ ಹಿಡಿಯುತ್ತಾನೆ. ಬಾಹುಗಳ ಮೊತ್ತದ ಅರ್ಧದಿಂದ ಒಂದೊಂದೇ ಬಾಹುವನ್ನು ಕಳೆದು, ಬಂದ ನಾಲ್ಕು ಶೇಷಗಳನ್ನು ಗುಣಿಸಿ, ವರ್ಗಮೂಲ ತೆಗೆಯುವುದು. ಇದು ನಾಲ್ಕೂ ಶೃಂಗಗಳು ಒಂದೇ ವೃತ್ತದ ಮೇಲಿರುವ ಚಕ್ರೀಯ ಚತುರ್ಭುಜಕ್ಕೆ ಮಾತ್ರ ಸಲ್ಲುತ್ತದೆ. ಅವನ ಕರ್ಣದ ಸೂತ್ರವೂ ಹಾಗೆಯೇ. ವೃತ್ತದೊಳಗೆ ಕೂರಿಸಿದ ಮೇಲೆ ನಾಲ್ಕು ಬಾಹುಗಳು ಆಕೃತಿಯನ್ನು ಪೂರ್ತಿ ಕಟ್ಟಿಹಾಕುತ್ತವೆ. ಆಗ 'ಸಮ' ಎಂದರೆ ಚೌಕವೇ. ಅಭಿಮುಖ ಬಾಹುಗಳು ಸಮವಿರುವ 'ದ್ವಿದ್ವಿಸಮ' ಎಂದರೆ ಆಯತವೇ. ಆ ಲೋಕದಲ್ಲಿ ಪಟ್ಟಿಗೆ ಕೊರತೆಯೇ ಇಲ್ಲ. ಕೊರತೆ ಇರುವುದು ವೃತ್ತದ ಷರತ್ತನ್ನು ಬಾಯಿಬಿಟ್ಟು ಹೇಳದಿರುವುದರಲ್ಲಿ. ಹೇಳದೆ ಬಿಟ್ಟ ಷರತ್ತು ಮುಂದಿನ ಪೀಳಿಗೆಯ ಕೈಗೆ ಸಿಕ್ಕಾಗ ನಿಯಮವಾಗಿ ಉಳಿಯುತ್ತದೆ, ಷರತ್ತು ಕಾಣೆಯಾಗುತ್ತದೆ. ವಿಜ್ಞಾನ ಬೋಧಿಸುವ ನಮಗೆಲ್ಲ ಇದು ಗೊತ್ತಿರುವ ರೋಗ. ಲೋಲಕದ ಆವರ್ತಕಾಲದ ಸೂತ್ರ ಬರೆಸುತ್ತೇವೆ, 'ಕಂಪನದ ಪಾರ ಚಿಕ್ಕದಿದ್ದಾಗ' ಎಂಬುದನ್ನು ಬಿಡುತ್ತೇವೆ.

ಎರಡು ಸೂತ್ರಗಳ ಗುಣವನ್ನು ಹೋಲಿಸಲು ಒಂದು ಸುಲಭ ಉಪಾಯವಿದೆ. ನಾಲ್ಕನೆಯ ಬಾಹುವನ್ನು ಸೊನ್ನೆ ಮಾಡಿ, ಚತುರ್ಭುಜ ತ್ರಿಭುಜವಾಗುತ್ತದೆ. ಮಹಾವೀರನೂ ತನ್ನ ಸ್ಥೂಲ ಕ್ರಮವನ್ನು ತ್ರಿಭುಜಕ್ಕೂ ಹೇಳಿದ್ದಾನೆ. 3, 4, 5ರ ಲಂಬಕೋನ ತ್ರಿಭುಜದ ವಿಸ್ತೀರ್ಣ 6 ಎಂದು ಎಲ್ಲರಿಗೂ ಗೊತ್ತು. ಸ್ಥೂಲ ಕ್ರಮದಲ್ಲಿ 3ಕ್ಕೆ 5ನ್ನು ಜೋಡಿಸಿದರೆ 8, 4ಕ್ಕೆ 5ನ್ನು ಜೋಡಿಸಿದರೆ 6.75, 3ಕ್ಕೆ 4ನ್ನು ಜೋಡಿಸಿದರೆ 8.75. ಒಂದೇ ತ್ರಿಭುಜಕ್ಕೆ ಮೂರು ಉತ್ತರ! ಸೂಕ್ಷ್ಮ ಸೂತ್ರಕ್ಕೆ ಇದೇ ಪರೀಕ್ಷೆ ಒಡ್ಡಿದರೆ ಹೇಗೆ ನೋಡಿದರೂ 6.

ಈಗ ತಮ್ಮನ ಸೈಟಿಗೆ ಬನ್ನಿ. 30, 40, 39, 41 ಬಾಹುಗಳ ಮೊತ್ತದ ಅರ್ಧ 75. ಶೇಷಗಳು 45, 35, 36, 34. ಗುಣಲಬ್ಧದ ವರ್ಗಮೂಲ 1388.45. ಸ್ಥೂಲದ 1397.25ಕ್ಕಿಂತ ಇದು ಕಡಿಮೆ. ಆದರೂ ಇದು ಸೈಟಿನ ವಿಸ್ತೀರ್ಣವಲ್ಲ. ಆ ನಾಲ್ಕು ಬಾಹುಗಳಿಂದ ಪಡೆಯಬಹುದಾದ ಅತಿ ಹೆಚ್ಚಿನ ವಿಸ್ತೀರ್ಣ ಅಷ್ಟೆ, ಯಾಕೆಂದರೆ ಕೊಟ್ಟ ಬಾಹುಗಳ ಚತುರ್ಭುಜಗಳಲ್ಲಿ ಚಕ್ರೀಯವಾದದ್ದಕ್ಕೇ ಗರಿಷ್ಠ ವಿಸ್ತೀರ್ಣ. ಸೈಟು ವೃತ್ತದೊಳಗೆ ಕೂತಿದೆ ಎಂದು ಯಾರು ಹೇಳಿದರು?

ಈ ಪ್ರಶ್ನೆಯನ್ನು ಎಲ್ಲರಿಗಿಂತ ಖಾರವಾಗಿ ಕೇಳಿದವನು ಎರಡನೆಯ ಭಾಸ್ಕರ. 1150ರ ಲೀಲಾವತಿಯಲ್ಲಿ ಅವನು ತನ್ನ ಹಿಂದಿನವರನ್ನು ನೇರವಾಗಿಯೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಬಾಹುಗಳು ಅವೇ ಇದ್ದರೂ ಕರ್ಣಗಳು ಬೇರೆ ಬೇರೆ ಆಗಬಹುದು, ಕರ್ಣ ಬದಲಾದರೆ ವಿಸ್ತೀರ್ಣವೂ ಬದಲು. ಹೀಗಿರುವಾಗ ಒಂದು ಲಂಬವನ್ನೋ ಒಂದು ಕರ್ಣವನ್ನೋ ಹೇಳದೆ ಚತುರ್ಭುಜದ ವಿಸ್ತೀರ್ಣ ಕೇಳುವವನು ಪಿಶಾಚಿ, ಉತ್ತರ ಕೊಡುವವನು ಅವನಿಗಿಂತ ದೊಡ್ಡ ಪಿಶಾಚಿ ಎಂಬುದು ಅವನ ಮಾತಿನ ತಾತ್ಪರ್ಯ. ಪರೀಕ್ಷೆಗೆ ಪ್ರಶ್ನೆಪತ್ರಿಕೆ ತೆಗೆಯುವ ನಮಗೆ ಇದು ಸ್ವಲ್ಪ ಚುರುಕು ಮುಟ್ಟಿಸಬೇಕು.

ಭಾಸ್ಕರ ಬೈದು ಸುಮ್ಮನಾಗಲಿಲ್ಲ, ಉದಾಹರಣೆಯನ್ನೂ ಕೊಟ್ಟ. ನಾಲ್ಕೂ ಬಾಹು 25 ಇರುವ ಚತುರ್ಭುಜ ತೆಗೆದುಕೊಳ್ಳಿ. ಒಂದು ಕರ್ಣ 30 ಎಂದರೆ ಇನ್ನೊಂದು 40, ವಿಸ್ತೀರ್ಣ 600. ಒಂದು ಕರ್ಣ 14 ಎಂದರೆ ಇನ್ನೊಂದು 48, ವಿಸ್ತೀರ್ಣ 336. ಕರ್ಣಗಳೆರಡೂ ಸಮವಾದರೆ 625. ಮಹಾವೀರನ ಪಟ್ಟಿಯಲ್ಲಿ ಈ ಮೂರೂ 'ಸಮ'. ಆದರೆ ಒಂದು ಇನ್ನೊಂದರ ಸುಮಾರು ಅರ್ಧದಷ್ಟಿದೆ.

ಈ ಮೂರು ಆಕೃತಿಗಳು ನಿಮಗೆ ಎಲ್ಲಿಯೋ ನೋಡಿದಂತೆ ಅನಿಸುತ್ತಿಲ್ಲವೆ? ಪಂಕ್ಚರ್ ಅಂಗಡಿಯಲ್ಲಿ ಕಾರನ್ನು ಎತ್ತುವ ಸ್ಕ್ರೂ ಜಾಕ್ ನೋಡಿ. ಸಮವಾದ ನಾಲ್ಕು ತೋಳುಗಳು, ನಾಲ್ಕು ಕೀಲುಗಳು. ಅಡ್ಡ ಕರ್ಣದಲ್ಲಿರುವ ತಿರುಪನ್ನು ತಿರುಗಿಸಿದರೆ ಅದು ಕಿರಿದಾಗುತ್ತದೆ, ನಿಂತ ಕರ್ಣ ಹಿರಿದಾಗುತ್ತದೆ. ವಜ್ರಾಕೃತಿಯ ಕರ್ಣಗಳು ಒಂದಕ್ಕೊಂದು ಲಂಬ, ಆದ್ದರಿಂದ ಕಾರು ಪಕ್ಕಕ್ಕೆ ಸರಿಯದೆ ನೆಟ್ಟಗೆ ಏಳುತ್ತದೆ. ಅಂಗಡಿಗಳ ಕೊಲ್ಯಾಪ್ಸಿಬಲ್ ಗೇಟಿನ ಪಟ್ಟಿಗಳೂ ಇದೇ ಆಟ ಆಡುತ್ತವೆ. ಬಾಹು ಬದಲಾಗದೆ ಆಕೃತಿ ಬದಲಾಗುವುದರಿಂದಲೇ ಗೇಟು ಮಡಚಿಕೊಳ್ಳುತ್ತದೆ. ಹಾಗಾಗಬಾರದ ಕಡೆ, ಉದಾಹರಣೆಗೆ ಕಾರ್ಖಾನೆಯ ದೊಡ್ಡ ಕಬ್ಬಿಣದ ಗೇಟಿನಲ್ಲಿ, ವೆಲ್ಡರ್ ಮೂಲೆಯಿಂದ ಮೂಲೆಗೆ ಒಂದು ಓರೆಪಟ್ಟಿ ಬೆಸೆಯುತ್ತಾನೆ. ಗೇಟು ಜಗ್ಗದಿರಲಿ ಎಂದು. ಅವನು ಬೆಸೆದದ್ದು ಭಾಸ್ಕರ ಕೇಳಿದ ಕರ್ಣವನ್ನು!

ತರಗತಿಯಲ್ಲಿ ಇದನ್ನು ತೋರಿಸಲು ಖರ್ಚಿಲ್ಲ. ಅರವಿಂದ ಗುಪ್ತಾ ಅವರು ಪ್ರಚುರಪಡಿಸಿದ ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ಮಾದರಿ ನಿಮಗೆ ತಿಳಿದಿರಬಹುದು. ಮೂರು ಕಡ್ಡಿಗಳನ್ನು ಟ್ಯೂಬಿನ ತುಂಡುಗಳಿಂದ ಜೋಡಿಸಿ, ಅದು ಅಲುಗದು. ನಾಲ್ಕು ಕಡ್ಡಿ ಜೋಡಿಸಿ, ಬೆರಳು ತಾಗಿಸಿದರೆ ಚೌಕ ವಜ್ರಾಕೃತಿಯಾಗಿ ವಾಲುತ್ತದೆ. ಚೌಕವೂ ವಜ್ರಾಕೃತಿಗಳ ಸಾಲಿನಲ್ಲೇ ಇರುವ ಒಂದು ಎಂಬುದನ್ನು ಹತ್ತು ಸಲ ಬರೆಸಿದರೂ ಒಪ್ಪದ ಮಗು, ಇಲ್ಲಿ ಅರ್ಧ ನಿಮಿಷದಲ್ಲಿ ಒಪ್ಪುತ್ತದೆ.

ಈ ಒಪ್ಪಿಗೆ ಯಾಕೆ ಕಷ್ಟ? ನೆದರ್ಲೆಂಡ್ಸ್‌ನ ಯೂಟ್ರೆಕ್ಟ್‌ನಲ್ಲಿ 1957ರಲ್ಲಿ ಪಿಯರ್ ಫಾನ್ ಹೀಲ ಮತ್ತು ಡೀನಾ ಫಾನ್ ಹೀಲ ದಂಪತಿ ಡಾಕ್ಟರೇಟ್ ಪ್ರಬಂಧಗಳಲ್ಲಿ ಇದಕ್ಕೆ ಉತ್ತರ ಹುಡುಕಿದರು. ಇಬ್ಬರೂ ಶಾಲಾ ಅಧ್ಯಾಪಕರು. ಮಕ್ಕಳು ಮೊದಲು ಆಕೃತಿಯನ್ನು ಇಡಿಯಾಗಿ, ಮುಖ ಗುರುತಿಸುವಂತೆ ಗುರುತಿಸುತ್ತಾರೆ. ಆಮೇಲೆ ಗುಣಗಳನ್ನು ಪಟ್ಟಿ ಮಾಡುತ್ತಾರೆ. ಒಂದು ಗುಣ ಇನ್ನೊಂದನ್ನು ಹೇಗೆ ತರುತ್ತದೆ, ಒಂದು ವರ್ಗ ಇನ್ನೊಂದರೊಳಗೆ ಹೇಗೆ ಸೇರುತ್ತದೆ ಎಂಬುದು ಅದರ ಮುಂದಿನ ಮೆಟ್ಟಿಲು. ನಮ್ಮ ಹೆಚ್ಚಿನ ಅಭ್ಯಾಸಗಳು 'ಚಿತ್ರ ನೋಡಿ ಹೆಸರಿಸಿ' ಎಂಬ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತವೆ. ಚಿತ್ರಗಳಲ್ಲಿ ಆಯತ ಯಾವಾಗಲೂ ಮಲಗಿರುತ್ತದೆ, ವಜ್ರಾಕೃತಿ ಯಾವಾಗಲೂ ಮೂಲೆಯ ಮೇಲೆ ನಿಂತಿರುತ್ತದೆ. ಪುಸ್ತಕವನ್ನು 45 ಡಿಗ್ರಿ ತಿರುಗಿಸಿ ಚೌಕವನ್ನು ತೋರಿಸಿ ನೋಡಿ. ತರಗತಿಯ ಅರ್ಧದಷ್ಟು ಕೈಗಳು 'ವಜ್ರಾಕೃತಿ' ಎನ್ನುತ್ತವೆ. ಉತ್ತರ ಸರಿಯೇ, ಆದರೆ ಕಾರಣ ತಪ್ಪು!

ಪುಸ್ತಕಗಳೂ ತಮ್ಮೊಳಗೆ ಒಂದೇ ಮಾತು ಆಡುವುದಿಲ್ಲ. ಎನ್.ಸಿ.ಇ.ಆರ್.ಟಿ.ಯ ಹಿಂದಿನ ಎಂಟನೆಯ ತರಗತಿಯ ಪುಸ್ತಕವನ್ನು, ಕನ್ನಡದಲ್ಲಿ ನಮ್ಮ ರಾಜ್ಯದ ಮಕ್ಕಳೂ ಓದಿದ್ದನ್ನು, ತೆಗೆದುಕೊಳ್ಳಿ. ಒಳ್ಳೆಯ ಪುಸ್ತಕವೇ. ಆದರೆ ಗಾಳಿಪಟವನ್ನು ವಿವರಿಸುವಾಗ ಅದು ಸಮ ಬಾಹುಗಳ ಎರಡು 'ಬೇರೆ ಬೇರೆ' ಜೋಡಿಗಳನ್ನು ಕೇಳುತ್ತದೆ. ಅಭ್ಯಾಸದ ಸರಿ-ತಪ್ಪು ಪ್ರಶ್ನೆಗೆ ಬಂದಾಗ 'ಎಲ್ಲ ವಜ್ರಾಕೃತಿಗಳೂ ಗಾಳಿಪಟಗಳು' ಎಂಬುದು ಸರಿ ಎನ್ನುತ್ತದೆ. ವಿವರಣೆಯಲ್ಲಿ ಹೊರಗಿಟ್ಟದ್ದನ್ನು ಉತ್ತರದಲ್ಲಿ ಒಳಗೆ ಕರೆದುಕೊಂಡಂತಾಯಿತು. ಅದೇ ಅಭ್ಯಾಸದಲ್ಲಿ 'ಎಲ್ಲ ಸಮಾಂತರ ಚತುರ್ಭುಜಗಳೂ ತ್ರಾಪಿಜ್ಯಗಳು' ಎಂಬುದೂ ಸರಿ. ಆದರೆ ತ್ರಾಪಿಜ್ಯದ ವ್ಯಾಖ್ಯೆ ಸಮಾಂತರ ಬಾಹುಗಳ 'ಒಂದು ಜೋಡಿ' ಎಂದಷ್ಟೇ ಹೇಳಿ, ಅದು ಕನಿಷ್ಠ ಒಂದೋ ಒಂದೇ ಒಂದೋ ಎಂಬುದನ್ನು ಓದುಗರ ಊಹೆಗೆ ಬಿಡುತ್ತದೆ. ಅಧ್ಯಾಪಕರು ಇದನ್ನು ಒಂದೊಂದು ಶಾಲೆಯಲ್ಲಿ ಒಂದೊಂದು ರೀತಿ ತೀರ್ಮಾನಿಸುತ್ತಾರೆ. ಅಂಕ ಕಳೆದುಕೊಳ್ಳುವವರು ಮಕ್ಕಳು.

ಯೂಕ್ಲಿಡ್ ಈ ವಿಷಯದಲ್ಲಿ ಕಟ್ಟುನಿಟ್ಟು. ಅವನ ಮೊದಲ ಪುಸ್ತಕದ ವ್ಯಾಖ್ಯೆಗಳಲ್ಲಿ ಚೌಕ ಬೇರೆ, ಉದ್ದಚೌಕ ಬೇರೆ, ವಜ್ರಾಕೃತಿ ಬೇರೆ. ಒಂದು ಇನ್ನೊಂದರೊಳಗೆ ಸೇರದು. ಇಂದು ನಾವು ಒಳಗೊಳ್ಳುವ ವರ್ಗೀಕರಣವನ್ನು ಒಪ್ಪಿದ್ದೇವೆ, ನಾನೂ ಅದರ ಪಕ್ಷವೇ. ಕಾರಣ ನನ್ನ ಭೌತಶಾಸ್ತ್ರದ ತರಗತಿಯಿಂದ ಬಂದದ್ದು. ಬಲಗಳ ಸಮಾಂತರ ಚತುರ್ಭುಜ ನಿಯಮ ಬೋಧಿಸಿ, ಪರಸ್ಪರ ಲಂಬವಾದ ಎರಡು ಬಲಗಳ ಲೆಕ್ಕ ಕೊಟ್ಟಾಗ ಪ್ರತಿ ವರ್ಷವೂ ಯಾರಾದರೊಬ್ಬರು ಎದ್ದುನಿಂತು, "ಸಾರ್, ಇದು ಸಮಾಂತರ ಚತುರ್ಭುಜ ಅಲ್ಲವಲ್ಲ, ಆಯತ. ಇದಕ್ಕೆ ಯಾವ ನಿಯಮ?" ಎಂದು ಕೇಳುತ್ತಾರೆ. ಎಂಟನೆಯ ತರಗತಿಯಲ್ಲಿ ಬಿಟ್ಟುಹೋದ ಗಂಟು ಬಿ.ಎಸ್ಸಿ.ಯಲ್ಲಿ ಹೀಗೆ ಕಾಲಿಗೆ ತೊಡರುತ್ತದೆ. ಒಳಗೊಳ್ಳುವ ವ್ಯಾಖ್ಯೆಯಿದ್ದರೆ ಸಮಾಂತರ ಚತುರ್ಭುಜಕ್ಕೆ ಒಮ್ಮೆ ಸಾಧಿಸಿದ್ದು ಆಯತಕ್ಕೂ ವಜ್ರಾಕೃತಿಗೂ ಚೌಕಕ್ಕೂ ಪುಕ್ಕಟೆ ಸಿಗುತ್ತದೆ.

ಹೋಲಿಕೆಗೆ ನಾನು ಬಳಸುವ ಅಳತೆಗೋಲು ಬೇರೆಯದು. ಆಕೃತಿಯನ್ನು ಫೋನಿನಲ್ಲಿ ಒಬ್ಬರಿಗೆ ಹೇಳಿ ಬರೆಸಬೇಕಾದರೆ ಎಷ್ಟು ಸಂಖ್ಯೆ ಬೇಕು ಎಂದು ಕೇಳಿ. ತ್ರಿಭುಜಕ್ಕೆ ಮೂರು. ಚತುರ್ಭುಜವೆಂದರೆ ಒಂದು ಬಾಹು ಹಂಚಿಕೊಂಡ ಎರಡು ತ್ರಿಭುಜ, ಆದ್ದರಿಂದ ಐದು. ಸಮಾಂತರ ಚತುರ್ಭುಜಕ್ಕೆ ಮೂರು ಸಾಕು, ಗಾಳಿಪಟಕ್ಕೂ ಮೂರು. ಆಯತಕ್ಕೆ ಎರಡು, ವಜ್ರಾಕೃತಿಗೂ ಎರಡು. ಚೌಕಕ್ಕೆ ಒಂದೇ. ತ್ರಾಪಿಜ್ಯಕ್ಕೆ ನಾಲ್ಕು. ಚಕ್ರೀಯಕ್ಕೂ ನಾಲ್ಕು, ಮಹಾವೀರನಿಗೆ ನಾಲ್ಕು ಬಾಹು ಸಾಕಾದದ್ದು ಇದರಿಂದ. ಸೈಟು ಯಾವ ವಿಶೇಷ ವರ್ಗಕ್ಕೂ ಸೇರಿಲ್ಲವಾದರೆ ಅದಕ್ಕೆ ಐದು ಬೇಕು. ಕ್ರಯಪತ್ರದಲ್ಲಿ ನಾಲ್ಕೇ ಇವೆ. ಹಾಗಾದರೆ ಆ ಪತ್ರ ಸೈಟನ್ನು ವರ್ಣಿಸಿಯೇ ಇಲ್ಲ!

ಇಲ್ಲಿ ಒಂದು ಸ್ವಾರಸ್ಯವಿದೆ. ನಾಲ್ಕು ಬಾಹುಗಳ ಉದ್ದ ಮತ್ತು ಯಾವೆರಡು ಸಮಾಂತರ ಎಂಬುದು ತಿಳಿದರೆ ತ್ರಾಪಿಜ್ಯ ನಿಶ್ಚಿತ. ಆದರೆ ಆ ಎರಡು ಸಮಾಂತರ ಬಾಹುಗಳು ಸಮವಾದ ಕ್ಷಣದಲ್ಲಿ ಅದು ಸಮಾಂತರ ಚತುರ್ಭುಜವಾಗಿ, ನಿಶ್ಚಿತತೆ ಕಳಚಿ, ಕೀಲುಗಳ ಮೇಲೆ ಅಲುಗತೊಡಗುತ್ತದೆ. ಎಲ್ಲ ಸಮಾಂತರ ಚತುರ್ಭುಜಗಳೂ ತ್ರಾಪಿಜ್ಯಗಳು ಎಂದು ಒಪ್ಪಿದವರು ಈ ಸಣ್ಣ ಬೆಲೆಯನ್ನು ತೆರಬೇಕಾಗುತ್ತದೆ.

ಐದನೆಯ ಸಂಖ್ಯೆಯಾಗಿ ಯಾವುದನ್ನು ಅಳೆಯಬೇಕು? ಕೋನ ಅಳೆಯುವ ಉಪಕರಣ ಎಲ್ಲರ ಬಳಿ ಇರದು, ಟೇಪು ಇರುತ್ತದೆ. ನಮ್ಮ ಗಾರೆ ಮೇಸ್ತ್ರಿಗಳು ಪಾಯ ಗುರುತು ಮಾಡುವಾಗ ಮೂಲೆಮಟ್ಟ ಇಟ್ಟ ಮೇಲೂ ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡುತ್ತಾರೆ. ಇದು ಎಷ್ಟು ಸೂಕ್ಷ್ಮ ಪರೀಕ್ಷೆ ಎಂದು ಒಮ್ಮೆ ಲೆಕ್ಕ ಹಾಕಿ. 30-40ರ ಆಯತದ ಕರ್ಣಗಳೆರಡೂ 50 ಅಡಿ. ಮೂಲೆ ಒಂದೇ ಒಂದು ಡಿಗ್ರಿ ತಪ್ಪಿದರೆ ಕರ್ಣಗಳು 49.58 ಮತ್ತು 50.42 ಆಗುತ್ತವೆ. ವ್ಯತ್ಯಾಸ 10 ಅಂಗುಲ! ಆದರೆ ವಿಸ್ತೀರ್ಣದಲ್ಲಿ ಕಡಿಮೆಯಾಗುವುದು 0.2 ಚದರ ಅಡಿಯಷ್ಟೂ ಇಲ್ಲ. 90 ಡಿಗ್ರಿಯ ಬಳಿ ಸೈನ್ ರೇಖೆ ಚಪ್ಪಟೆಯಾಗಿರುವುದರಿಂದ ವಿಸ್ತೀರ್ಣ ಸಣ್ಣ ತಪ್ಪನ್ನು ಕ್ಷಮಿಸುತ್ತದೆ, ಕರ್ಣ ಕ್ಷಮಿಸುವುದಿಲ್ಲ. ತಪ್ಪು ಹಿಡಿಯಲು ಕ್ಷಮಿಸದ್ದನ್ನೇ ಅಳೆಯಬೇಕು.

ಕರ್ಣಗಳಿಂದ ಇಡೀ ಅಧ್ಯಾಯವನ್ನೇ ಬೋಧಿಸಬಹುದು ಎಂಬುದು ನನ್ನ ಅಭಿಪ್ರಾಯ. ಕರ್ಣಗಳು ಪರಸ್ಪರ ಅರ್ಧಿಸಿದರೆ ಸಮಾಂತರ ಚತುರ್ಭುಜ. ಜೊತೆಗೆ ಸಮವೂ ಆದರೆ ಆಯತ, ಲಂಬವಾದರೆ ವಜ್ರಾಕೃತಿ, ಎರಡೂ ಆದರೆ ಚೌಕ. ಲಂಬವಾಗಿದ್ದು ಒಂದು ಮಾತ್ರ ಇನ್ನೊಂದನ್ನು ಅರ್ಧಿಸಿದರೆ ಗಾಳಿಪಟ. ಎರಡು ಕಡ್ಡಿ, ಒಂದು ಗುಂಡುಸೂಜಿ ಸಾಕು. ಚೌಕ ಯಾಕೆ ಆಯತವೂ ಹೌದು, ವಜ್ರಾಕೃತಿಯೂ ಹೌದು ಎಂಬ ಪ್ರಶ್ನೆ ಇಲ್ಲಿ ಹುಟ್ಟುವುದೇ ಇಲ್ಲ.

ಭೂಮಾಪನ ಇಲಾಖೆಯ ಹಳೆಯ ಕ್ರಮವೂ ಇದಕ್ಕೆ ದೂರವಲ್ಲ. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿ ಚೌಕ, ಅಂದರೆ 1089 ಚದರ ಅಡಿ, ಒಂದು ಗುಂಟೆ. ಹೊಲ ಎಷ್ಟೇ ವಕ್ರವಾಗಿರಲಿ, ಅಡ್ಡಲಾಗಿ ಒಂದು ಆಧಾರರೇಖೆ ಹಿಡಿದು, ಅದರಿಂದ ಎರಡೂ ಕಡೆಯ ಮೂಲೆಗಳಿಗೆ ಲಂಬ ತೆಗೆದು, ತ್ರಿಭುಜ ಮತ್ತು ತ್ರಾಪಿಜ್ಯಗಳಾಗಿ ಒಡೆದು ಲೆಕ್ಕ ಮಾಡುತ್ತಿದ್ದರು. ಹೊಲಕ್ಕಿದ್ದ ಈ ಎಚ್ಚರ, ಹೊಲ ಸೈಟಾದಾಗ ಯಾಕೆ ತಪ್ಪಿತೋ ತಿಳಿಯದು. ಬೆಲೆ ಹೆಚ್ಚಿದ್ದು ಸೈಟಿಗೇ.

ಒಂದು ಭಾನುವಾರ ಬೆಳಿಗ್ಗೆ ತಮ್ಮನೂ ನಾನೂ ಟೇಪು ಹಿಡಿದು ಹೋದೆವು. ಹೋಗುವ ಮೊದಲು ಮನೆಯಲ್ಲಿ ಲೆಕ್ಕ ಹಾಕಿಟ್ಟುಕೊಂಡಿದ್ದೆ. ನೈಋತ್ಯದಿಂದ ಈಶಾನ್ಯಕ್ಕೆ ಸರಿಯಾಗಿ 50 ಅಡಿ ಬಂದರೆ ಆಗ್ನೇಯದ ಮೂಲೆ ಲಂಬಕೋನ, ಉತ್ತರ-ದಕ್ಷಿಣದ ಬದಿಗಳು ಸಮಾಂತರ, ಸೈಟು ಒಂದು ತ್ರಾಪಿಜ್ಯ, ವಿಸ್ತೀರ್ಣ 1380. ಆಗಲೂ ಪತ್ರದಲ್ಲಿರುವುದು 17.25 ಚದರ ಅಡಿ ಹೆಚ್ಚು, ಯಾಕೆಂದರೆ ಎತ್ತರ 40 ಇರುವಾಗ 40 ಮತ್ತು 41ರ ಸರಾಸರಿ ಹಿಡಿದಿದ್ದಾರೆ. ಪಾರ್ಥೇನಿಯಂ ಗಿಡಗಳನ್ನು ತುಳಿದು, ಯಾರದೋ ಜಲ್ಲಿ ರಾಶಿಯ ಮೇಲೆ ಹತ್ತಿ ಇಳಿದು ಟೇಪು ಎಳೆದಾಗ ಬಂದದ್ದು 47 ಅಡಿ. ನಂಬದೆ ಎರಡನೆಯ ಸಲ ಎಳೆದೆವು, ಅಷ್ಟೇ.

ಉಳಿದದ್ದು ಎರಡು ತ್ರಿಭುಜಗಳ ಲೆಕ್ಕ. 30, 40, 47ರ ತ್ರಿಭುಜ 595.6. 47, 39, 41ರ ತ್ರಿಭುಜ 760.0. ಒಟ್ಟು 1355.6 ಚದರ ಅಡಿ. ನೀವೂ ಮಾಡಿ ನೋಡಿ, ಹೆರಾನನ ಸೂತ್ರ ಒಂಬತ್ತನೆಯ ತರಗತಿಯಲ್ಲಿದೆ. ಪತ್ರಕ್ಕೂ ನೆಲಕ್ಕೂ ಸುಮಾರು 41.7 ಚದರ ಅಡಿಯ ಅಂತರ. ಚದರ ಅಡಿಗೆ 5000 ರೂಪಾಯಿ ಎಂದಿಟ್ಟುಕೊಂಡರೂ ಎರಡು ಲಕ್ಷ ಎಂಟು ಸಾವಿರಕ್ಕೂ ಹೆಚ್ಚು.

ಮಾರುವವರು ಸಭ್ಯರೇ. ಲೆಕ್ಕದ ಹಾಳೆಯನ್ನು ತಿರುಗಿಸಿ ಮರುಗಿಸಿ ನೋಡಿ, "ಸಾರ್, ಎಲ್ಲರೂ ಹೀಗೇ ಬರೆಯೋದು, ನಾನು ತಗೊಂಡಾಗಲೂ ಹೀಗೇ ಬರೆದಿತ್ತು" ಎಂದರು. ಅದು ನಿಜವೇ ಇರಬೇಕು. ಅವರೂ ಇಲ್ಲದ 41 ಅಡಿಗೆ ಹಣ ಕೊಟ್ಟವರೇ. ನಾಲ್ಕಾರು ಸಲ ಮಾತುಕತೆಯಾಗಿ ಅರ್ಧದಷ್ಟು ಬಿಟ್ಟರು. ತಮ್ಮ ಇನ್ನೊಂದು ಹಟ ಹಿಡಿದ. ಚಕ್ಕುಬಂದಿಯ ಕೆಳಗೆ, ನಾಲ್ಕು ಅಳತೆಗಳ ನಂತರ, 'ನೈಋತ್ಯ ಮೂಲೆಯಿಂದ ಈಶಾನ್ಯ ಮೂಲೆಗೆ 47 ಅಡಿ' ಎಂಬ ಸಾಲು ಸೇರಬೇಕು ಎಂದ. ಪತ್ರಬರಹಗಾರರು ಕನ್ನಡಕ ಮೇಲೇರಿಸಿ ನನ್ನತ್ತ ನೋಡಿದರು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲವಂತೆ. "ಬರೆಯೋಣ ಸಾರ್, ಅದಕ್ಕೇನು. ಆದರೆ ಇದನ್ನು ಪೂರ್ವ-ಪಶ್ಚಿಮದಲ್ಲಿ ಬರೆಯೋದೋ, ಉತ್ತರ-ದಕ್ಷಿಣದಲ್ಲೋ?" ಎಂದು ಕೇಳಿದರು.